ಬೀಗ ಬಿದ್ದ ಮನೆ: ರಿಪೇರಿ ಮಾಡಿಸಿ ಬಾಡಿಗೆಗೋ, ಇದ್ದ ಹಾಗೇ ಬಾಡಿಗೆಗೋ?

ಬೆಟ್ಟದಪುರ: ಈ ಊರಿನ ಹೆಸರೆತ್ತಿದೊಡನೆ ಹೊರಗಿನವರಿಗೆ ನೆನಪಾಗುವುದು ಬೆಟ್ಟದ ಮೇಲಿನ ಸಿಡಿಲು ಮಲ್ಲಿಕಾರ್ಜುನಸ್ವಾಮಿ. ಆದರೆ ಈ ಊರಲ್ಲಿ ಹುಟ್ಟಿ ಮೈಸೂರು, ಬೆಂಗಳೂರು ಸೇರಿದ ಮಕ್ಕಳ ತಲೆ ಮೇಲೆ ತೂಗುತ್ತಿರುವ ಸಿಡಿಲೇ ಬೇರೆ. ‘ಅಪ್ಪನ ಮನೆ ಏನು ಮಾಡೋದು?’ ಎಂಬುದೇ ಆ ಸಿಡಿಲು.

ಅಪ್ಪ ಹೋದರು, ಅಮ್ಮನೂ ಹೋದರು. ಬೀದಿಯಲ್ಲಿ ಹೆಂಚಿನ ಮನೆ, ಬಾಗಿಲಿಗೆ ಬೀಗ. ಮಾರಲು ಮನಸ್ಸಿಲ್ಲ, ಬಂದು ಇರಲು ಸಾಧ್ಯವಿಲ್ಲ. ಉಳಿದದ್ದು ಬಾಡಿಗೆಯ ದಾರಿ. ಅಲ್ಲಿಗೆ ಬಂದ ಕೂಡಲೇ ತಕರಾರು ಶುರು. ಟೈಲ್ಸ್ ಹಾಕಿಸಿ, ಬಣ್ಣ ಬಳಿಸಿ, ಹೊಸದು ಮಾಡಿ ಕೊಡಬೇಕೋ? ಇದ್ದ ಹಾಗೇ ಕೊಟ್ಟು ಬಂದಷ್ಟು ಬರಲಿ ಅನ್ನಬೇಕೋ?

ಸಂಕೇತಿ ಬ್ರಾಹ್ಮಣರಲ್ಲಿ ಒಂದು ಪಂಗಡಕ್ಕೆ ಈ ಊರಿನ ಹೆಸರೇ ಇದೆ, ಬೆಟ್ಟದಪುರ ಸಂಕೇತಿಗಳೆಂದು. ಆ ಹೆಸರು ಹೊತ್ತವರಲ್ಲಿ ಬಹಳ ಮಂದಿ ಇಂದು ಬದುಕು ಕಟ್ಟಿಕೊಂಡಿರುವುದು ಬೇರೆ ಊರುಗಳಲ್ಲಿ. ಹಾಗೆಂದು ವಲಸೆ ಒಂದು ಜಾತಿಯ ಸೊತ್ತೇನಲ್ಲ. ಹೊಗೆಸೊಪ್ಪು ಬೆಳೆದು ಮಕ್ಕಳನ್ನು ಓದಿಸಿದ ಒಕ್ಕಲು ಮನೆಗಳದ್ದೂ ಇದೇ ಕಥೆ. ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ, ಯಾವ ತಾಲ್ಲೂಕಿನ ಹೋಬಳಿಗೆ ಹೋದರೂ ಬೀಗ ಬಿದ್ದ ಮನೆ ಕಣ್ಣಿಗೆ ಬೀಳುತ್ತದೆ.

ಇನ್ನೊಂದು ಕಡೆ ನೋಡಿ. ಹೋಬಳಿ ಕೇಂದ್ರಕ್ಕೆ ವರ್ಗವಾಗಿ ಬರುವ ಮೇಷ್ಟ್ರು, ಬ್ಯಾಂಕಿನ ಗುಮಾಸ್ತೆ, ನರ್ಸಮ್ಮ, ಪೊಲೀಸಿನವರು, ಇವರಿಗೆಲ್ಲ ಮನೆ ಬೇಕು. ಸರಿಯಾದ ಮನೆ ಸಿಗದಿದ್ದರೆ ಬೆಳಿಗ್ಗೆ ಬಸ್ಸಿನಲ್ಲಿ ಜೋತಾಡಿಕೊಂಡು ಬಂದು ಸಂಜೆ ಜೋತಾಡಿಕೊಂಡೇ ವಾಪಸ್. ಮನೆ ಇದ್ದವರಿಗೆ ಬಾಡಿಗೆದಾರ ಬೇಕು, ಬಾಡಿಗೆದಾರರಿಗೆ ಮನೆ ಬೇಕು. ನಡುವೆ ನಿಂತಿರುವುದು ಬೀಗ.

ಲೆಕ್ಕ ಹಾಕಿ ನೋಡಿ ಸ್ವಾಮಿ

ಒಂದು ಮನೆ ಅಂದುಕೊಳ್ಳಿ. ಮುಂದೆ ಜಗಲಿ, ಆಮೇಲೆ ಪಡಸಾಲೆ, ನಡುಮನೆ, ಅಡಿಗೆಮನೆ, ಹಿತ್ತಲಲ್ಲಿ ಬಚ್ಚಲು. ಇದ್ದ ಹಾಗೇ ಕೊಟ್ಟರೆ ತಿಂಗಳಿಗೆ 3,000 ರೂಪಾಯಿ ಬಾಡಿಗೆ. 4 ಲಕ್ಷ ಸುರಿದು ಪೂರ್ತಿ ಹೊಸದು ಮಾಡಿದರೆ 6,500. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. 60,000 ಖರ್ಚಿನಲ್ಲಿ ಹೆಂಚು ಕೈಯಾಡಿಸಿ, ವೈರಿಂಗ್ ಬದಲಿಸಿ, ಕಕ್ಕಸು ಬಚ್ಚಲು ಸರಿಮಾಡಿಸಿ, ಸುಣ್ಣ ಹೊಡೆಸಿದರೆ 4,500. ಈ ಅಂಕಿಗಳು ಲೆಕ್ಕಕ್ಕೆಂದು ಹಿಡಿದವು. ನಿಮ್ಮ ಬೀದಿಯ ದರ ಬೇರೆ ಇದ್ದರೆ ಅದನ್ನೇ ಹಾಕಿಕೊಂಡು ಓದಿ.

4 ಲಕ್ಷ ಹಾಕಿದವನಿಗೆ ಹೆಚ್ಚಿಗೆ ಸಿಕ್ಕುವುದು ತಿಂಗಳಿಗೆ 3,500, ವರ್ಷಕ್ಕೆ 42,000. ಹಾಕಿದ ಹಣ ಕೈಗೆ ವಾಪಸ್ ಬರಲು ಒಂಬತ್ತೂವರೆ ವರ್ಷ ಬೇಕು. ಅಷ್ಟರಲ್ಲಿ ಬಣ್ಣ ಎರಡು ಸಲ ಮಾಸಿರುತ್ತದೆ, ನಲ್ಲಿಗಳು ಸೋರುತ್ತಿರುತ್ತವೆ.

60,000 ಹಾಕಿದವನಿಗೆ ಹೆಚ್ಚಿಗೆ ಬರುವುದು ತಿಂಗಳಿಗೆ 1,500, ವರ್ಷಕ್ಕೆ 18,000. ಮೂರು ವರ್ಷ ನಾಲ್ಕು ತಿಂಗಳಿಗೆ ಹಾಕಿದ ದುಡ್ಡು ಹಿಂದಕ್ಕೆ ಬಂತು.

ಇಷ್ಟಕ್ಕೇ ಲೆಕ್ಕ ಮುಗಿಯಲಿಲ್ಲ. ಆ ಹಣವನ್ನು ಬ್ಯಾಂಕಿನಲ್ಲಿ ನೂರಕ್ಕೆ 7ರ ಬಡ್ಡಿಗೆ ಇಟ್ಟಿದ್ದರೆ? 4 ಲಕ್ಷಕ್ಕೆ ವರ್ಷಕ್ಕೆ 28,000 ಬರುತ್ತಿತ್ತು. ಹೆಚ್ಚಿನ ಬಾಡಿಗೆ 42,000ದಲ್ಲಿ ಈ 28,000 ಕಳೆಯಿರಿ. ಉಳಿದದ್ದು 14,000. ಇನ್ನು 60,000ಕ್ಕೆ ಬಡ್ಡಿ 4,200. 18,000ದಲ್ಲಿ ಅದನ್ನು ಕಳೆದರೆ 13,800. ನೋಡಿದಿರಾ? ಎರಡಕ್ಕೂ ಇರುವ ವ್ಯತ್ಯಾಸ ವರ್ಷಕ್ಕೆ 200 ರೂಪಾಯಿ! ಅದಕ್ಕಾಗಿ 3 ಲಕ್ಷದ 40 ಸಾವಿರವನ್ನು ಗೋಡೆಗೆ ಬಳಿಯಬೇಕೆ?

ಇನ್ನೊಂದು ಮಾತು. ಹೋಬಳಿ ಊರಿನಲ್ಲಿ 6,500 ಕೊಡುವ ಗಿರಾಕಿ ಎಷ್ಟು ಮಂದಿ? ವರ್ಗಾವಣೆ ಬಂದು ಒಬ್ಬರು ಖಾಲಿ ಮಾಡಿದರೆ ಮತ್ತೊಬ್ಬರು ಸಿಗುವವರೆಗೆ ಮನೆ ಖಾಲಿ. ಎರಡು ತಿಂಗಳು ಖಾಲಿ ಬಿದ್ದರೆ 13,000 ಹೋಯಿತು, ಆ ವರ್ಷದ ಲಾಭ ಅಲ್ಲಿಗೇ ಚುಕ್ತಾ.

ಹಾಗಾದರೆ ಒಂದು ಪೈಸೆಯನ್ನೂ ಹಾಕದೆ 3,000ಕ್ಕೇ ಕೊಟ್ಟುಬಿಡೋಣ ಅನ್ನುವವರೂ ಇದ್ದಾರೆ. ಅವರ ಲೆಕ್ಕದಲ್ಲೂ ಒಂದು ತೂತಿದೆ. ಆ ತೂತು ಮಾಡಿನಲ್ಲಿದೆ.

ಮೊದಲು ಮಾಡು ನೋಡಿ

1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಮಂಗಳೂರು ಹೆಂಚು ಊರೂರಿಗೆ ಹಬ್ಬಿತು. ನಾಡಹೆಂಚು ಹಿಂದೆ ಸರಿಯಿತು. ಯಾವ ಹೆಂಚಾದರೂ ಸರಿ, ವರ್ಷಕ್ಕೊಮ್ಮೆ ಕೈಯಾಡಿಸಲೇಬೇಕು. ಕೋತಿ ಓಡಾಡಿ ಸರಿಸಿದ ಒಂದು ಹೆಂಚು ಸಾಕು. ಅಲ್ಲಿಂದಿಳಿದ ನೀರು ರೀಪು ಕೊಳೆಸುತ್ತದೆ, ಆಮೇಲೆ ಪಕಾಸು, ಆಮೇಲೆ ತೊಲೆ. ತೊಲೆ ನೆನೆದರೆ ಗೆದ್ದಲಿಗೆ ಹಬ್ಬ. ನೀರು ಮಣ್ಣಿನ ಗೋಡೆಗೆ ಇಳಿಯಿತೋ, ಗೋಡೆ ಒಳಗೊಳಗೇ ಕರಗುತ್ತದೆ. 2018ರ ಮತ್ತು 2019ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಕಡೆ ಸುರಿದ ಮಳೆಯನ್ನು ಕಂಡವರಿಗೆ ನೆನೆದ ಮಣ್ಣಿನ ಗೋಡೆಯ ಭಯವನ್ನು ವಿವರಿಸಬೇಕಾಗಿಲ್ಲ.

ಬೀಗ ಬಿದ್ದ ಮನೆಯ ದೊಡ್ಡ ಕಷ್ಟವೇ ಇದು. ಜನ ಇರುವ ಮನೆಯಲ್ಲಿ ಸೋರಿದರೆ ಅಂದೇ ಗೊತ್ತಾಗುತ್ತದೆ, ಕೆಳಗೆ ಪಾತ್ರೆ ಇಡುತ್ತಾರೆ, ಮೇಲೆ ಹತ್ತಿ ಸರಿ ಮಾಡುತ್ತಾರೆ. ಬೀಗ ಹಾಕಿದ ಮನೆ ಸೋರಿದ್ದು ಗೊತ್ತಾಗುವುದು ಮುಂದಿನ ಹಬ್ಬಕ್ಕೆ ಬಂದಾಗ. ಅಷ್ಟು ಹೊತ್ತಿಗೆ ನೂರು ರೂಪಾಯಿಯ ಕೆಲಸ ಹತ್ತು ಸಾವಿರದ್ದಾಗಿರುತ್ತದೆ.

ಆದ್ದರಿಂದ ಬಲ್ಲ ಮೇಸ್ತ್ರಿಗಳ ಕ್ರಮ ಮೇಲಿನಿಂದ ಕೆಳಕ್ಕೆ. ಮೊದಲು ಮಾಡು, ಆಮೇಲೆ ಗೋಡೆ, ಕಟ್ಟಕಡೆಗೆ ನೆಲ. ಜನ ಮಾಡುವುದು ಇದಕ್ಕೆ ತಿರುವುಮುರುವು. ಕಣ್ಣಿಗೆ ಕಾಣುವುದು ನೆಲ ತಾನೇ! ಮಿರಮಿರ ಮಿಂಚುವ ಟೈಲ್ಸ್ ಹಾಕಿಸುತ್ತಾರೆ, ಮೊದಲ ಮಳೆಗೆ ಅದರ ಮೇಲೆ ತೊಟತೊಟ.

ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಬಳಿಸುವುದೂ ದುಡ್ಡು ಕೊಟ್ಟು ತಂದುಕೊಳ್ಳುವ ರೋಗವೇ. ಮಣ್ಣಿಗೂ ಸಿಮೆಂಟಿಗೂ ಹೊಂದಾಣಿಕೆ ಇಲ್ಲ. ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಎರಡು ಮೂರು ಮಳೆಗಾಲದಲ್ಲಿ ಗಾರೆ ಹಪ್ಪಳದಂತೆ ಎದ್ದು ಬೀಳುತ್ತದೆ. ಮಣ್ಣಿನ ಗೋಡೆಗೆ ಮಣ್ಣು, ಸುಣ್ಣವೇ ಲೇಸು. ಖರ್ಚೂ ಕಡಿಮೆ. ಹಳೆಯ ಕೆಂಪು ಗಾರೆಯ ನೆಲ ಬಿರುಕಿಲ್ಲದೆ ಇದ್ದರೆ ಅದನ್ನು ಒಡೆಸುವವನು ದಡ್ಡ. ಉಜ್ಜಿ ತೊಳೆದರೆ ಸಾಕು, ಬೇಸಿಗೆಯಲ್ಲಿ ಕಾಲಿಗೆ ತಂಪು.

ಕೆಲಸ ಹಿಡಿಸುವ ಕಾಲವನ್ನೂ ನೋಡಬೇಕು. ಯುಗಾದಿ ಕಳೆದು ರೋಹಿಣಿ ಮಳೆ ಹಿಡಿಯುವುದರೊಳಗೆ ಮಾಡಿನ ಕೆಲಸ ಮುಗಿಯಬೇಕು. ಆಮೇಲೆ ಮಳೆ, ಅದರ ಹಿಂದೆಯೇ ಹೊಗೆಸೊಪ್ಪು ಮುರಿದು ಬ್ಯಾರನ್‌ಗಳಲ್ಲಿ ಬೇಯಿಸುವ ದಿನಗಳು. ಆ ಹೊತ್ತಿನಲ್ಲಿ ಕೂಲಿಯಾಳು ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಬಾಡಿಗೆಗೆ ಬರುವವರು ನೋಡುವುದು ಏನನ್ನು?

ಮನೆ ನೋಡಲು ಗಂಡ ಹೆಂಡತಿ ಇಬ್ಬರೂ ಬರುತ್ತಾರೆ. ಗಂಡ ಬಾಡಿಗೆ ಕೇಳುತ್ತಾನೆ. ಹೆಂಡತಿ ನೇರ ಹಿತ್ತಲಿಗೆ ಹೋಗಿ ಕಕ್ಕಸಿನ ಬಾಗಿಲು ತೆಗೆಯುತ್ತಾಳೆ. ಅಲ್ಲಿಂದ ಅಡಿಗೆಮನೆಗೆ. ನಿಂತು ಅಡಿಗೆ ಮಾಡಲು ಕಟ್ಟೆ ಇದೆಯೇ? ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ನೀರು ಹಿಡಿದಿಡಲು ತೊಟ್ಟಿ ಇದೆಯೇ? ಈ ಮೂರಕ್ಕೆ ಹೌದು ಎಂದರೆ ಮನೆ ಅರ್ಧ ಒಪ್ಪಿದಂತೆ. ಪಡಸಾಲೆಯ ಟೈಲ್ಸು, ಚಾವಣಿಯ ಪಿಒಪಿ ಅಲಂಕಾರ ಯಾರ ಪ್ರಶ್ನೆಯೂ ಅಲ್ಲ. ನೆಲದ ಮೇಲೆ ಕೂತು ಒಲೆ ಊದುವ ಕಾಲ ಹೋಯಿತು. ಒಂದು ಕಡಪ ಕಲ್ಲಿನ ಕಟ್ಟೆ, ಒಂದು ಸಿಂಕು, ಬಾಗಿಲಿಗೆ ಒಳಗಿನಿಂದ ಗಟ್ಟಿ ಚಿಲಕ. ಇವಕ್ಕೆ ಹಾಕಿದ ದುಡ್ಡು ಹಾಳಲ್ಲ.

ವಿದ್ಯುತ್ತಿನ ಮಾತು ಇನ್ನೂ ಗಟ್ಟಿ. ಮರದ ಪಟ್ಟಿಯ ಮೇಲೆ ಓಡಿದ ಹಳೆಯ ವೈರು ಒಂದು ಬಲ್ಬು, ಒಂದು ರೇಡಿಯೋ ಕಾಲದ್ದು. ಅದಕ್ಕೆ ಇಂದು ಫ್ರಿಜ್ಜು, ಮಿಕ್ಸಿ, ಗೀಸರು ಹಾಕಿದರೆ ಏನಾದೀತು? ಅದರಲ್ಲೂ ದೇವರ ಹೆಸರಲ್ಲೇ ಸಿಡಿಲಿರುವ ಊರಿದು. ಅರ್ಥಿಂಗ್ ಇಲ್ಲದ ಮನೆಯನ್ನು ಬಾಡಿಗೆಗೆ ಕೊಡುವುದು ಪರರ ಮಕ್ಕಳ ಜೀವದ ಜೊತೆ ಆಟ. ಬೇರೆ ಯಾವ ಕೆಲಸ ಬಿಟ್ಟರೂ ವೈರಿಂಗ್, ಅರ್ಥಿಂಗ್ ಬಿಡುವಂತಿಲ್ಲ.

2023ರ ಆಗಸ್ಟ್‌ನಲ್ಲಿ ಗೃಹಜ್ಯೋತಿ ಬಂದ ಮೇಲೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. ಬಾಡಿಗೆದಾರರಿಗೂ ಯೋಜನೆ ಅನ್ವಯಿಸುವುದರಿಂದ ಅವರು ಮೊದಲು ಕೇಳುವುದು, ‘ಮೀಟರ್ ಬೇರೆ ಇದೆಯಾ?’ ಒಂದೇ ಮೀಟರಿನಲ್ಲಿ ಎರಡು ಪಾಲು ಮಾಡಿ ಬಾಡಿಗೆಗೆ ಬಿಟ್ಟರೆ ತಿಂಗಳು ತಿಂಗಳೂ ಜಗಳ ತಪ್ಪದು. ಪಾಲಿಗೊಂದು ಮೀಟರ್ ಹಾಕಿಸುವ ಖರ್ಚು ಟೈಲ್ಸಿನ ಖರ್ಚಿಗಿಂತ ಬೇಗ ಫಲ ಕೊಡುತ್ತದೆ.

ಬೀದಿಗೆ ಮುಖ ಮಾಡಿದ ಜಗಲಿ ಒಡೆದು ಮಳಿಗೆ ಮಾಡುವ ಆಸೆಯೂ ಕೆಲವರಿಗಿದೆ. ಬಸ್ ನಿಲ್ದಾಣದ ಆಸುಪಾಸಿನಲ್ಲಾದರೆ ಅದು ಜಾಣತನವೇ. ಆದರೆ ಅಂಗಡಿಗೆ ಗೃಹಜ್ಯೋತಿ ಇಲ್ಲ, ಕರೆಂಟಿನ ದರ ಬೇರೆ, ಪಂಚಾಯ್ತಿಯ ಕಂದಾಯವೂ ಬೇರೆ. ಮುಂದೆ ಅಂಗಡಿಯಾದರೆ ಹಿಂದಿನ ಮನೆಗೆ ಹೋಗಲು ಪ್ರತ್ಯೇಕ ದಾರಿ ಬೇಕು. ಅದಿಲ್ಲದಿದ್ದರೆ ಅಂಗಡಿಯೂ ಬಂತು, ಮನೆಯ ಬಾಡಿಗೆಯೂ ಹೋಯಿತು.

ಭೋಗ್ಯದ ಸಿಹಿ, ಭೋಗ್ಯದ ಕಹಿ

‘ದುಡ್ಡಿಲ್ಲ ಅಂತ ಯಾಕ್ ಯೋಚ್ನೆ? ಭೋಗ್ಯಕ್ಕೆ ಹಾಕಿ. ಆ ದುಡ್ಡಲ್ಲೇ ಮನೆ ರಿಪೇರಿ ಮಾಡ್ಸಿ’ ಎಂಬ ಸಲಹೆ ಹೋಟೆಲ್ ಮುಂದೆ ಬಿಟ್ಟಿಯಾಗಿ ಸಿಗುತ್ತದೆ. ಕೇಳಲು ಸಿಹಿ. ಒಟ್ಟಿಗೆ 4 ಲಕ್ಷ ಕೈಗೆ ಬರುತ್ತದೆ, ಮೂರು ವರ್ಷ ಬಾಡಿಗೆ ಇಲ್ಲ, ಅವಧಿ ಮುಗಿದಾಗ ಅಷ್ಟೂ ಹಣ ವಾಪಸ್.

ಈಗ ಲೆಕ್ಕಕ್ಕೆ ಬನ್ನಿ. 4 ಲಕ್ಷ ಹಾಕಿದ ಮೇಲೆ 6,500 ಬರಬೇಕಾದ ಮನೆಯದು. ವರ್ಷಕ್ಕೆ 78,000 ಬಾಡಿಗೆ ಬಿಟ್ಟುಕೊಟ್ಟು 4 ಲಕ್ಷ ತಂದಂತಾಯಿತು. ಅಂದರೆ ನೂರಕ್ಕೆ 19 ರೂಪಾಯಿ 50 ಪೈಸೆ ಬಡ್ಡಿ! ಇಷ್ಟು ಬಡ್ಡಿಯನ್ನು ಬ್ಯಾಂಕಿನವರು ಕೇಳಿದ್ದರೆ ಇವರೇ ಎದ್ದು ಬರುತ್ತಿದ್ದರು. ಮೂರು ವರ್ಷ ಕಳೆದ ಮೇಲೆ 4 ಲಕ್ಷ ಎಣಿಸಿ ಕೊಡಬೇಕಲ್ಲ, ಅದು ಎಲ್ಲಿದೆ? ನೆಲದಲ್ಲಿ ಟೈಲ್ಸಾಗಿ ಕೂತಿದೆ. ಕಿತ್ತು ಕೊಡಲು ಬರುತ್ತದೆಯೇ? ಮತ್ತೊಬ್ಬರಿಗೆ ಭೋಗ್ಯಕ್ಕೆ ಹಾಕಿ ಮೊದಲಿನವರಿಗೆ ಕೊಡಬೇಕು. ಹೀಗೆ ಸುತ್ತುತ್ತಾ ಹೋದರೆ ಮನೆ ಹೆಸರಿಗೆ ಮಾತ್ರ ತಮ್ಮದು.

ಹಣ ಕೊಡುವವರಿಗೂ ಒಂದು ಮಾತು. ಒಂದು ವರ್ಷಕ್ಕೆ ಮೀರಿದ ಗೇಣಿ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು ಎನ್ನುವುದು 1908ರ ನೋಂದಣಿ ಕಾಯ್ದೆ. ಎಲ್ಲರೂ 11 ತಿಂಗಳ ಕರಾರು ಬರೆಯುವ ಗುಟ್ಟು ಇದೇ. ಮೂರು ವರ್ಷದ ಭೋಗ್ಯವನ್ನು ಬರೀ ಛಾಪಾ ಕಾಗದದಲ್ಲಿ ಬರೆದು ಲಕ್ಷಗಟ್ಟಲೆ ಕೊಟ್ಟವರು ನಾಳೆ ತಕರಾರಾದರೆ ಆ ಕಾಗದ ಹಿಡಿದು ಎಷ್ಟು ದೂರ ನಡೆದಾರು?

ಕಾನೂನು ಏನನ್ನುತ್ತದೆ?

ಬಾಡಿಗೆಗೆ ಕೊಟ್ಟ ಮೇಲೆ ರಿಪೇರಿ ಯಾರದು? 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಇದನ್ನು ಹೇಳುತ್ತದೆ. ಕರಾರಿನಲ್ಲಿ ಬೇರೆ ಬರೆದಿಲ್ಲದಿದ್ದರೆ, ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಇಟ್ಟುಕೊಳ್ಳಬೇಕು, ಸಹಜವಾದ ಸವಕಳಿ ಬಿಟ್ಟು. ಮನೆಯೊಡೆಯ ಮಾಡಿಸಲೇಬೇಕಾದ ರಿಪೇರಿಯನ್ನು ನೋಟೀಸು ಕೊಟ್ಟ ಮೇಲೂ ಮಾಡಿಸದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ, ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಮೇಲುನೋಟಕ್ಕೆ ಕಾಣದ ದೊಡ್ಡ ದೋಷ ಮನೆಯಲ್ಲಿದ್ದು ಒಡೆಯನಿಗೆ ಗೊತ್ತಿದ್ದರೆ ಅದನ್ನು ಮೊದಲೇ ಹೇಳಬೇಕು. ಸೋರುವ ಮಾಡಿಗೆ ಸುಣ್ಣ ಬಳಿದು ಬೇಸಿಗೆಯಲ್ಲಿ ಮನೆ ತೋರಿಸುವ ಜಾಣರು ಇದನ್ನು ಎರಡು ಸಲ ಓದಿಕೊಳ್ಳಲಿ.

2021ರಲ್ಲಿ ಕೇಂದ್ರ ಸರ್ಕಾರ ಒಂದು ಮಾದರಿ ಬಾಡಿಗೆ ಕಾಯ್ದೆ ರೂಪಿಸಿ ರಾಜ್ಯಗಳಿಗೆ ಕಳಿಸಿತು. ರಾಜ್ಯ ತಾನೇ ಕಾನೂನು ಮಾಡಿಕೊಂಡರಷ್ಟೇ ಅದು ಜಾರಿ. ಆದರೂ ಅದರಲ್ಲಿರುವ ಪಟ್ಟಿ ಕರಾರು ಬರೆಯುವವರಿಗೆ ಒಳ್ಳೆಯ ಕೈಪಿಡಿ. ಕಟ್ಟಡದ ರಿಪೇರಿ, ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ, ನೀರಿನ ಪೈಪು, ವೈರಿಂಗ್ ಇವು ಒಡೆಯನ ಪಾಲಿಗೆ. ನಲ್ಲಿಯ ವಾಷರು, ಚರಂಡಿ ಸ್ವಚ್ಛ, ಸ್ವಿಚ್ಚು, ಬೀಗ, ಕಿಟಕಿಯ ಗಾಜು ಇವು ಬಾಡಿಗೆದಾರನ ಪಾಲಿಗೆ. ಇಷ್ಟನ್ನು ಕರಾರಿನಲ್ಲಿ ಬರೆದುಕೊಂಡರೆ ಅರ್ಧ ಜಗಳ ಹುಟ್ಟುವ ಮೊದಲೇ ಸತ್ತಂತೆ.

ಆದಾಯ ತೆರಿಗೆ ಕಟ್ಟುವವರಿಗೆ ಒಂದು ಸಮಾಧಾನ. ಬಾಡಿಗೆಯಲ್ಲಿ ಪಂಚಾಯ್ತಿಗೆ ಕಟ್ಟಿದ ಕಂದಾಯ ಕಳೆದು ಉಳಿದದ್ದರಲ್ಲಿ ನೂರಕ್ಕೆ 30 ಭಾಗವನ್ನು ಲೆಕ್ಕದಿಂದ ಬಿಡುತ್ತಾರೆ. ರಿಪೇರಿಗೆ ಒಂದು ರೂಪಾಯಿ ಹಾಕಿದರೂ ಅಷ್ಟೇ, ನಾಲ್ಕು ಲಕ್ಷ ಹಾಕಿದರೂ ಅಷ್ಟೇ. ತೆರಿಗೆ ಉಳಿಸಲು ಮನೆ ಹೊಸದು ಮಾಡಿಸುತ್ತೇನೆ ಎನ್ನುವವರಿಗೆ ಇದು ತಿಳಿದಿರಲಿ.

ಎಲ್ಲಕ್ಕಿಂತ ದೊಡ್ಡ ಬೀಗ

ಇಷ್ಟೆಲ್ಲ ಲೆಕ್ಕ ಸರಿಹೋದರೂ ಬಾಗಿಲು ತೆರೆಯುವುದಿಲ್ಲ. ಯಾಕೆಂದರೆ ದೊಡ್ಡ ಬೀಗ ಬಾಗಿಲಲ್ಲಿಲ್ಲ, ಒಡಹುಟ್ಟಿದವರ ನಡುವೆ ಇದೆ. ಎಷ್ಟೋ ಮನೆಗಳಲ್ಲಿ ಮಾತು ಹೀಗೆ ಸಾಗುತ್ತದೆ:

‘ಅಣ್ಣಯ್ಯ, ನೀನೇ ಖರ್ಚು ಮಾಡ್ಬಿಡು, ಆಮೇಲೆ ನೋಡ್ಕೊಳ್ಳೋಣ.’

‘ಆಮೇಲೆ ಅಂದ್ರೆ ಯಾವಾಗ? ಬಾಡಿಗೆ ಮಾತ್ರ ಮೂರ್ ಪಾಲು ಕೇಳ್ತೀರ.’

‘ಅಕ್ಕನ್ನೂ ಒಂದ್ ಮಾತು ಕೇಳ್ಬೇಕಲ್ಲಪ್ಪ.’

‘ಅವಳಿಗ್ಯಾಕೆ? ಮದ್ವೆಯಾಗಿ ಹೋದೋಳು.’

ಇಲ್ಲೇ ಎಡವುವುದು. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳ ಪಾಲಿಗೆ ತನ್ನದೇ ತಿದ್ದುಪಡಿ ತಂದಿತು. 2005ರ ಕೇಂದ್ರದ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು. ಆ ದಿನ ತಂದೆ ಬದುಕಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ತೀರ್ಪಿತ್ತಿತು. ಹಿಂದೆಯೇ ರಿಜಿಸ್ಟರ್ ಪಾಲಾಗಿದ್ದರೆ ಅದು ಬೇರೆ ಮಾತು. ಇಲ್ಲದಿದ್ದರೆ ಅಕ್ಕನ ಸಹಿ ಇಲ್ಲದೆ ಮಾಡಿದ ಏರ್ಪಾಡು ನಾಳೆ ಕೋರ್ಟಿನ ಮೆಟ್ಟಿಲು ಹತ್ತಿಸೀತು.

ಒಬ್ಬನೇ ನಾಲ್ಕು ಲಕ್ಷ ಹಾಕಿದ ಮನೆ ನಾಳೆ ಪಾಲಿಗೆ ಬಂದರೆ ಗೋಡೆಯನ್ನು ಪಾಲು ಮಾಡಬಹುದು, ಹಾಕಿದ ದುಡ್ಡನ್ನು ಕೇಳುವುದು ಹೇಗೆ? ನಿಷ್ಠೂರ ಆಗುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಾಗಿಲ್ಲ. ದುಡ್ಡಿನ ಲೆಕ್ಕದಲ್ಲಿ ಗೆದ್ದ ಸಣ್ಣ ರಿಪೇರಿ ಇಲ್ಲೂ ಗೆಲ್ಲುತ್ತದೆ. 60,000ವನ್ನು ಮೂವರು ಹಂಚಿಕೊಂಡರೆ ತಲೆಗೆ 20,000. ಅಷ್ಟಕ್ಕೆ ಯಾರೂ ಮುಖ ತಿರುಗಿಸುವುದಿಲ್ಲ. ಒಂದು ಕಾಗದದಲ್ಲಿ ಮೂವರೂ ಸಹಿ ಹಾಕಿ, ಖರ್ಚು ಇಷ್ಟು, ಮೊದಲ ಬಾಡಿಗೆಗಳಲ್ಲಿ ಅದನ್ನು ಮುರಿದುಕೊಳ್ಳುವುದು, ಆಮೇಲೆ ಸಮಪಾಲು ಎಂದು ಬರೆದುಕೊಳ್ಳಬೇಕು. ಅಪ್ಪನ ಹೆಸರಲ್ಲೇ ಇರುವ ಖಾತೆಯನ್ನು ಪೌತಿ ಖಾತೆ ಮಾಡಿಸಿ ಪಂಚಾಯ್ತಿಯ ಇ-ಸ್ವತ್ತಿನಲ್ಲಿ ಎಲ್ಲರ ಹೆಸರು ಬರುವಂತೆ ನೋಡಿಕೊಳ್ಳಬೇಕು. ಇದಕ್ಕೆ ಓಡಾಡುವ ಚಪ್ಪಲಿ ಸವೆತವೂ ರಿಪೇರಿ ಖರ್ಚಿನಲ್ಲೇ ಸೇರಲಿ.

ಇನ್ನು ಯಾವುದನ್ನೂ ಮಾಡದೆ ‘ನೋಡೋಣ, ನೋಡೋಣ’ ಎನ್ನುವವರ ಲೆಕ್ಕ ಮಾತ್ರ ಯಾರೂ ಬರೆದಿಡುವುದಿಲ್ಲ. 3,000ದಂತೆ ಹಿಡಿದರೂ ಬೀಗ ಬಿದ್ದ ಮನೆ ವರ್ಷಕ್ಕೆ 36,000 ನುಂಗುತ್ತದೆ. ಐದು ವರ್ಷಕ್ಕೆ 1 ಲಕ್ಷದ 80 ಸಾವಿರ. ಜೊತೆಗೆ ಗೆದ್ದಲು ತಿಂದ ತೊಲೆ ಬೇರೆ. ಮೂವರೂ ನೋಡುತ್ತಿರುವಾಗಲೇ ಆ ದುಡ್ಡು ಯಾರಿಗೂ ಸಿಗದೆ ಹೋಗಿರುತ್ತದೆ.

ಒಳ್ಳೆಯ ಸ್ಥಿತಿಯ ತೊಟ್ಟಿಮನೆ ಇದ್ದು, ಮುಂದೆ ತಾವೇ ಬಂದು ಇರುವ ಯೋಚನೆ ಇರುವವರು ದೊಡ್ಡ ಖರ್ಚು ಮಾಡಲಿ, ತಪ್ಪಿಲ್ಲ. ಅದು ಬಾಡಿಗೆಗಾಗಿ ಮಾಡಿದ್ದಲ್ಲ, ತಮಗಾಗಿ ಮಾಡಿಕೊಂಡದ್ದು. ಗೋಡೆಯೇ ಬಾಗಿದ್ದರೆ ಸುಣ್ಣ ಬಳಿದು ಬಾಡಿಗೆಗೆ ಕೊಡುವ ಪಾಪ ಬೇಡ. ಮಿಕ್ಕವರಿಗೆಲ್ಲ ಮಾಡು, ವೈರು, ನೀರು, ಕಕ್ಕಸು, ಸುಣ್ಣ ಇಷ್ಟು ಸಾಕು. ಟೈಲ್ಸು, ಬಣ್ಣ, ಶೋಕೇಸು ಬಾಡಿಗೆಯ ಹಣದಲ್ಲೇ ವರ್ಷಕ್ಕೊಂದರಂತೆ ಬರಲಿ.

ರೋಹಿಣಿ ಮಳೆಗೆ ಮುಂಚೆ ಒಂದು ಭಾನುವಾರ ಬಸ್ಸು ಹತ್ತಿ ಬನ್ನಿ. ಬರುವಾಗ ಅಕ್ಕನನ್ನೂ ಕರೆದುಕೊಂಡು ಬನ್ನಿ. ಬೀಗದ ಕೈ ಯಾರ ಹತ್ತಿರ ಇದೆ ಎಂಬುದನ್ನು ಮಾತ್ರ ಹೊರಡುವ ಮೊದಲೇ ಕೇಳಿಕೊಳ್ಳಿ.